ಎರಡು ಭಾಷೆಗಳ ನಡುವಣ ಕರಾರು

ನಮ್ಮ ಹಳ್ಳಿಗಳಲ್ಲಿ ಮದುವೆ ಮುಂಜಿಗಳು ಬಂದಾಗ ನೆರೆಮನೆಯ ಕೊಪ್ಪರಿಗೆಯನ್ನೋ ಕೊಳದಪ್ಪಲೆಯನ್ನೋ ಕಡ ತರುವ ವಾಡಿಕೆಯುಂಟು. ಹಾಗೆ ತರುವಾಗ ಯಾರೂ ಪತ್ರ ಬರೆದುಕೊಳ್ಳುವುದಿಲ್ಲ, ಸಾಕ್ಷಿ ಹಾಕಿಸುವುದಿಲ್ಲ. ಆದರೂ ಅಲ್ಲಿ ಒಂದು ಕರಾರು ಇದ್ದೇ ಇರುತ್ತದೆ. ಪಾತ್ರೆಯಲ್ಲಿ ಆ ಮನೆಯವರ ಪದಾರ್ಥವೇನಾದರೂ ಇದ್ದಲ್ಲಿ ಅದನ್ನು ಬೇರೆ ಕಡೆ ಜೋಪಾನವಾಗಿ ಬಗ್ಗಿಸಿಡಬೇಕು. ಕೆಲಸ ಮುಗಿದೊಡನೆ ಪಾತ್ರೆಯನ್ನು ಬೆಳಗಿ, ಮೊದಲಿದ್ದ ಪದಾರ್ಥವನ್ನು ಮತ್ತೆ ತುಂಬಿ, ಇದ್ದ ಜಾಗಕ್ಕೇ ಸೇರಿಸಬೇಕು. ಈ ಕರಾರನ್ನು ಮುರಿದವನಿಗೆ ಆ ಕ್ಷಣದಲ್ಲಿ ಯಾವ ಶಿಕ್ಷೆಯೂ ಆಗುವುದಿಲ್ಲ. ಎಷ್ಟೋ ದಿನಗಳ ಮೇಲೆ ನೆರೆಮನೆಯಾಕೆ ಪಾತ್ರೆಯ ಮುಚ್ಚಳ ತೆಗೆದು ನೋಡಿದಾಗ ಮಾತ್ರ ತೊಂದರೆ ಬಯಲಾಗುತ್ತದೆ. ಆ ವೇಳೆಗೆ ತಪ್ಪು ಯಾರದೆಂದು ಹೇಳುವವರು ಇರುವುದಿಲ್ಲ.

ಗಣಕಯಂತ್ರದ ಒಡಲಿನಲ್ಲಿಯೂ ಇಂತಹ ಕೊಡುಕೊಳ್ಳುವಿಕೆ ನಡೆಯುತ್ತಲೇ ಇರುತ್ತದೆ. ಅದೂ ಸೆಕೆಂಡಿಗೆ ಕೋಟಿಗಟ್ಟಲೆ ಸಾರಿ. ಒಂದು ಭಾಷೆಯಲ್ಲಿ ಬರೆದ ಕ್ರಮವಿಧಿ, ಎಂದರೆ ಬಳಕೆಯ ಮಾತಿನಲ್ಲಿ ಪ್ರೋಗ್ರಾಮ್, ಇನ್ನೊಂದು ಭಾಷೆಯಲ್ಲಿ ಬರೆದ ತುಣುಕನ್ನು ಕರೆದು ಅದರಿಂದ ಕೆಲಸ ಮಾಡಿಸಿಕೊಳ್ಳುತ್ತದೆ. ಕರೆದವನಿಗೂ ಕರೆಸಿಕೊಂಡವನಿಗೂ ಅಡಿಗೆಯ ಮನೆ ಒಂದೇ. ಪಾತ್ರೆಗಳೂ ಅವೇ ಹತ್ತಾರು. ಅವರಿಬ್ಬರ ನಡುವೆಯೂ ಒಂದು ಕರಾರು ಉಂಟು. ಸಿ ಭಾಷೆಯ ಕ್ರಮವಿಧಿಗಳೊಡನೆ ಅಸೆಂಬ್ಲಿ ಭಾಷೆಯ ತುಣುಕುಗಳನ್ನು ಕೂಡಿಸುವ ಬಗೆ ಹೇಗೆ, ಆ ಕರಾರಿನ ಕಲಮುಗಳು ಯಾವುವು, ಅದು ಮುರಿದರೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಯಂತ್ರದ ಮಾತು, ಮನುಷ್ಯನ ಮಾತು

ಗಣಕಯಂತ್ರದ ಹೃದಯವೆನಿಸಿದ ಪ್ರೊಸೆಸರ್‌ಗೆ ತಿಳಿಯುವುದು ಅಂಕಿಗಳು ಮಾತ್ರ. ಒಂದು ಅಂಕಿಗೆ ಕೂಡು ಎಂಬ ಅರ್ಥವಿದ್ದರೆ ಇನ್ನೊಂದಕ್ಕೆ ಇಲ್ಲಿಂದ ಅಲ್ಲಿಗೆ ಸಾಗಿಸು ಎಂಬ ಅರ್ಥ. ಇಂತಹ ಅಂಕಿಗಳ ಸಾಲೇ ಯಂತ್ರಭಾಷೆ. ಬರಿಯ ಅಂಕಿಗಳನ್ನು ನೆನಪಿಡುವುದು ಮನುಷ್ಯನಿಗೆ ಕಷ್ಟವಾದಕಾರಣ ಪ್ರತಿಯೊಂದು ಆಜ್ಞೆಗೂ ಒಂದು ಚಿಕ್ಕ ಹೆಸರನ್ನು ಕೊಟ್ಟರು. ಹೀಗೆ ಹೆಸರುಗಳಿಂದ ಬರೆದ ಯಂತ್ರಭಾಷೆಗೆ ಅಸೆಂಬ್ಲಿ ಭಾಷೆಯೆಂದು ಹೆಸರು. ಅದರಲ್ಲಿ ಒಂದು ಸಾಲಿಗೆ ಸಾಮಾನ್ಯವಾಗಿ ಒಂದೇ ಆಜ್ಞೆ. ಪ್ರೊಸೆಸರ್‌ನ ಒಳಗಡೆಯೇ ಇರುವ, ಒಂದೊಂದು ಸಂಖ್ಯೆಯನ್ನು ಹಿಡಿಯಬಲ್ಲ ಪುಟ್ಟ ಕೋಣೆಗಳಿಗೆ ರಿಜಿಸ್ಟರ್‌ಗಳೆನ್ನುತ್ತಾರೆ. ಲೆಕ್ಕವೆಲ್ಲ ನಡೆಯುವುದು ಬಹುಮಟ್ಟಿಗೆ ಅವುಗಳಲ್ಲಿಯೇ. ನಾವು ಮೊದಲು ಹೇಳಿದ ಪಾತ್ರೆಗಳೆಂದರೆ ಈ ರಿಜಿಸ್ಟರ್‌ಗಳು. ಅಸೆಂಬ್ಲಿಯಲ್ಲಿ ಬರೆಯುವವನು ಯಾವ ಪಾತ್ರೆಯಲ್ಲಿ ಯಾವಾಗ ಏನಿದೆಯೆಂಬುದನ್ನು ತಾನೇ ನೆನಪಿಟ್ಟಿರಬೇಕು.

ಸಿ ಭಾಷೆಯ ರೀತಿ ಬೇರೆ. ಅದರಲ್ಲಿ ಬರೆಯುವವನು ಹತ್ತು ಜನಕ್ಕೆ ಅಡಿಗೆಯಾಗಲಿ ಎಂದು ಹೇಳಿ ಸುಮ್ಮನಾಗಬಹುದು. ಯಾವ ಪಾತ್ರೆ, ಎಷ್ಟು ಉರಿ ಎಂಬ ವಿವರಗಳನ್ನು ಕಂಪೈಲರ್ ಎಂಬ ಅನುವಾದಕ ಕ್ರಮವಿಧಿ ನೋಡಿಕೊಳ್ಳುತ್ತದೆ. ಅದು ಸಿ ಯಲ್ಲಿ ಬರೆದುದನ್ನು ಓದಿ ಯಂತ್ರದ ಆಜ್ಞೆಗಳನ್ನಾಗಿ ಮಾರ್ಪಡಿಸುತ್ತದೆ. ಯಂತ್ರ ಬದಲಾದರೆ ಆ ಯಂತ್ರದ ಕಂಪೈಲರ್ ಇದ್ದರಾಯಿತು. ಕ್ರಮವಿಧಿಯ ಬಹುಭಾಗವನ್ನು ಹಾಗೆಯೇ ಬಳಸಬಹುದು. ಅಸೆಂಬ್ಲಿಯಲ್ಲಿ ಬರೆದುದಾದರೋ ಒಂದು ಜಾತಿಯ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ.

ಹಾಗಿದ್ದಮೇಲೆ ಅಸೆಂಬ್ಲಿಯ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕಾರಣಗಳು ಎರಡು. ಮೊದಲನೆಯದು, ಕೆಲವು ಕೆಲಸಗಳನ್ನು ಹೇಳಲು ಸಿ ಭಾಷೆಯಲ್ಲಿ ಮಾತೇ ಇಲ್ಲ. ನಿಗದಿಯಾದ ಒಂದು ರಿಜಿಸ್ಟರ್‌ನಲ್ಲಿರುವುದನ್ನು ಹೊರತೆಗೆ ಎಂದೋ, ಹೊರಗಿನ ಅಡಚಣೆಗಳಿಗೆ ಸ್ವಲ್ಪ ಹೊತ್ತು ಕಿವಿಗೊಡಬೇಡ ಎಂದೋ ಆಜ್ಞಾಪಿಸುವ ಶಬ್ದಗಳು ಅದರ ನಿಘಂಟಿನಲ್ಲಿಲ್ಲ. ಎರಡನೆಯದು ವೇಗ. ಕಂಪೈಲರ್ ಎಷ್ಟೇ ಜಾಣವಾದರೂ, ಒಂದೇ ಸಣ್ಣ ಕೆಲಸವನ್ನು ಲಕ್ಷಾಂತರ ಸಲ ಮಾಡಬೇಕಾದ ಕಡೆಗಳಲ್ಲಿ ಕೈಯಿಂದ ಬರೆದ ಆಜ್ಞೆಗಳು ಅದನ್ನು ಹಿಂದೆ ಹಾಕುವುದುಂಟು.

ಹನ್ನೊಂದು ಸಾವಿರ ಸಾಲುಗಳ ಲೆಕ್ಕ

ಇವೆರಡು ಭಾಷೆಗಳ ಪಾಲು ಎಷ್ಟೆಷ್ಟು ಇರಬೇಕೆಂಬುದಕ್ಕೆ ಇತಿಹಾಸದಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಎಂಬುವರು 1969ರಲ್ಲಿ ಪಿಡಿಪಿ-7 ಎಂಬ ಯಂತ್ರದ ಮೇಲೆ ಯೂನಿಕ್ಸ್ ವ್ಯವಸ್ಥೆಯ ಮೊದಲ ರೂಪವನ್ನು ರಚಿಸಿದರು. ಅದೆಲ್ಲವೂ ಅಸೆಂಬ್ಲಿಯಲ್ಲಿತ್ತು. ಅನಂತರ ಅವರಿಗೆ ಪಿಡಿಪಿ-11 ಎಂಬ ಹೊಸ ಯಂತ್ರ ದೊರೆಯಿತು. ಅವರ ಸಹೋದ್ಯೋಗಿ ಡೆನಿಸ್ ರಿಚೀ ಆ ಯಂತ್ರಕ್ಕಾಗಿ ಸಿ ಭಾಷೆಯನ್ನು ರೂಪಿಸಿದರು. 1973ರ ಬೇಸಗೆಯಲ್ಲಿ ಯೂನಿಕ್ಸ್‌ನ ತಿರುಳನ್ನು, ಎಂದರೆ ಕರ್ನೆಲ್ ಎಂಬ ಭಾಗವನ್ನು, ಸಿ ಯಲ್ಲಿ ಹೊಸದಾಗಿ ಬರೆದದ್ದಾಯಿತು. ಇಂತಹ ಮೂಲವ್ಯವಸ್ಥೆಗಳನ್ನು ಬಹುಮಟ್ಟಿಗೆ ಅಸೆಂಬ್ಲಿಯಲ್ಲಿಯೇ ಬರೆಯುತ್ತಿದ್ದ ಆ ದಿನಗಳಲ್ಲಿ ಇದು ಸಾಹಸದ ಕೆಲಸವೇ ಸರಿ.

ಆದರೆ ಅಸೆಂಬ್ಲಿ ಪೂರ್ಣವಾಗಿ ಹೋಗಲಿಲ್ಲ. 1978ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಥಾಂಪ್ಸನ್‌ರು ಲೆಕ್ಕವನ್ನು ಬಿಡಿಸಿ ಕೊಟ್ಟಿದ್ದಾರೆ. ಕರ್ನೆಲ್‌ನಲ್ಲಿ ಸಿ ಯ ಸಾಲುಗಳು ಸುಮಾರು 10,000; ಅಸೆಂಬ್ಲಿಯ ಸಾಲುಗಳು ಸುಮಾರು 1,000. ಈ ಸಾವಿರದಲ್ಲಿ 200 ಸಾಲುಗಳನ್ನು ಬರೆದುದು ವೇಗಕ್ಕಾಗಿ. ಬೇಕಿದ್ದರೆ ಅವನ್ನು ಸಿ ಯಲ್ಲಿಯೂ ಬರೆಯಬಹುದಾಗಿತ್ತು. ಉಳಿದ 800 ಸಾಲುಗಳು ಮಾಡುವ ಕೆಲಸ ಸಿ ಯಿಂದ ಸಾಧ್ಯವೇ ಇರಲಿಲ್ಲ. ಹೊರಗಿನ ಯಂತ್ರಗಳಿಂದ ಕರೆ ಬಂದಾಗ ಓಗೊಡುವುದು, ಒಂದು ಕ್ರಮವಿಧಿಯನ್ನು ತಡೆದು ನಿಲ್ಲಿಸಿ ಇನ್ನೊಂದನ್ನು ನಡೆಸುವುದು ಮೊದಲಾದುವು ಆ ಜಾತಿಯವು. ನಾವು ಮೇಲೆ ಹೇಳಿದ ಎರಡು ಕಾರಣಗಳೂ ಈ ಲೆಕ್ಕದಲ್ಲಿ ಅಡಕವಾಗಿರುವುದನ್ನು ವಾಚಕರು ಗಮನಿಸಬೇಕು. ಹತ್ತು ಸಾವಿರ ಸಾಲುಗಳ ಸಿ ಯೂ ಒಂದು ಸಾವಿರ ಸಾಲುಗಳ ಅಸೆಂಬ್ಲಿಯೂ ಹಗಲಿರುಳೂ ಒಂದನ್ನೊಂದು ಕರೆಯುತ್ತಿದ್ದುವೆಂದಮೇಲೆ ಅವುಗಳ ನಡುವೆ ಖಚಿತವಾದ ಕರಾರು ಇದ್ದೇ ಇರಬೇಕಷ್ಟೆ. ಅದು ಎಂತಹುದೆಂದು ನೋಡೋಣ.

ಕರಾರಿನ ಕಲಮುಗಳು

ಪಿಡಿಪಿ-11ರಲ್ಲಿ ಎಂಟು ರಿಜಿಸ್ಟರ್‌ಗಳಿದ್ದುವು. ಆರ್-0 ರಿಂದ ಆರ್-7 ರವರೆಗೆ ಅವುಗಳ ಹೆಸರು. ಇವಲ್ಲದೆ ಸ್ಮೃತಿಯಲ್ಲಿ ಸ್ಟ್ಯಾಕ್ ಎಂಬ ಒಂದು ಜಾಗವಿತ್ತು. ಊಟದ ಎಲೆಗಳನ್ನು ಒಂದರ ಮೇಲೊಂದು ಒಟ್ಟುವಂತೆ ಅಲ್ಲಿ ಸಂಖ್ಯೆಗಳನ್ನು ಒಟ್ಟುತ್ತಾರೆ. ಕಡೆಯಲ್ಲಿ ಇಟ್ಟುದನ್ನು ಮೊದಲು ತೆಗೆಯಬೇಕು. ಆ ಒಟ್ಟಿಲಿನ ತುದಿ ಎಲ್ಲಿದೆಯೆಂಬುದನ್ನು ಆರ್-6 ತಿಳಿಸುತ್ತಿತ್ತು. ಮುಂದೆ ನಡೆಸಬೇಕಾದ ಆಜ್ಞೆ ಎಲ್ಲಿದೆಯೆಂಬುದನ್ನು ಆರ್-7 ತಿಳಿಸುತ್ತಿತ್ತು.

ಸಿ ಯ ಕ್ರಮವಿಧಿಯೊಂದು ಎರಡು ಸಂಖ್ಯೆಗಳನ್ನು ಕೂಡಿಕೊಡು ಎಂದು ಅಸೆಂಬ್ಲಿಯ ತುಣುಕನ್ನು ಕೇಳಿತೆನ್ನೋಣ. ಕರಾರಿನ ಮೊದಲನೆಯ ಕಲಮು: ಕರೆಯುವವನು ಸಂಖ್ಯೆಗಳನ್ನು ಕಡೆಯದರಿಂದ ಮೊದಲುಗೊಂಡು ಸ್ಟ್ಯಾಕ್‌ನ ಮೇಲೆ ಇಡಬೇಕು. ಎರಡನೆಯ ಕಲಮು: ಅವುಗಳ ಮೇಲೆ, ಕೆಲಸ ಮುಗಿದ ಮೇಲೆ ಹಿಂದಿರುಗಬೇಕಾದ ಸ್ಥಳದ ವಿಳಾಸ ಇರಬೇಕು. ಮೂರನೆಯದು: ಉತ್ತರವನ್ನು ಆರ್-0 ರಲ್ಲಿ ಬಿಟ್ಟು ಹೋಗಬೇಕು. ನಾಲ್ಕನೆಯದು: ಆರ್-0, ಆರ್-1 ಇವೆರಡನ್ನು ಕರೆಸಿಕೊಂಡವನು ಮನಸ್ಸಿಗೆ ಬಂದಂತೆ ಬಳಸಬಹುದು, ಆದರೆ ಆರ್-2 ರಿಂದ ಆರ್-5 ರವರೆಗಿನವು ಕರೆದವನ ಸೊತ್ತು. ಅವನ್ನು ಮುಟ್ಟಲೇಬೇಕಾದರೆ ಒಳಗಿರುವುದನ್ನು ಮೊದಲು ಸ್ಟ್ಯಾಕ್‌ನಲ್ಲಿ ತೆಗೆದಿಟ್ಟು, ಹೊರಡುವ ಮುನ್ನ ಇದ್ದಂತೆಯೇ ತುಂಬಿಡಬೇಕು. ಐದನೆಯದು: ಸ್ಟ್ಯಾಕ್‌ನ ಮೇಲೆ ಇಟ್ಟ ಸಂಖ್ಯೆಗಳನ್ನು ಕೊನೆಗೆ ತೆಗೆದು ಚೊಕ್ಕಟ ಮಾಡುವ ಹೊಣೆ ಇಟ್ಟವನದೇ.

ಕಡೆಯ ಸಂಖ್ಯೆಯನ್ನು ಮೊದಲು ಇಡುವುದೇಕೆಂದು ಕೆಲವರಿಗೆ ಸೋಜಿಗವಾಗಬಹುದು. ಇದರಲ್ಲಿ ಒಂದು ಜಾಣತನವುಂಟು. ಹಾಗೆ ಮಾಡಿದರೆ ಮೊದಲನೆಯ ಸಂಖ್ಯೆ ಯಾವಾಗಲೂ ವಿಳಾಸದ ಕೆಳಗೇ ಸಿಕ್ಕುತ್ತದೆ. ಒಟ್ಟು ಎಷ್ಟು ಸಂಖ್ಯೆಗಳನ್ನು ಕೊಟ್ಟಿದ್ದಾರೆಂಬುದು ತಿಳಿಯದಿದ್ದರೂ ಮೊದಲನೆಯದನ್ನು ಹುಡುಕಬೇಕಾಗಿಲ್ಲ. ಅದನ್ನು ನೋಡಿ ಉಳಿದುವು ಎಷ್ಟೆಂದು ಊಹಿಸಬಹುದು. ಸಿ ಕಲಿತವರೆಲ್ಲ ಬಲ್ಲ ಪ್ರಿಂಟ್-ಎಫ್ ಎಂಬ ಮುದ್ರಣದ ಫಂಕ್ಷನ್ ಅಂದು ಸುಲಭವಾಗಿ ನಡೆಯುತ್ತಿದ್ದುದು ಈ ಏರ್ಪಾಡಿನಿಂದಲೇ.

ಈ ಕರಾರಿನಂತೆ ನಡೆದರೆ ಕೂಡುವ ತುಣುಕಿಗೆ ಮೂರೇ ಆಜ್ಞೆಗಳು ಸಾಕು. ಸ್ಟ್ಯಾಕ್‌ನ ತುದಿಯಿಂದ 2 ಬೈಟ್ ಆಚೆಗಿರುವ ಮೊದಲ ಸಂಖ್ಯೆಯನ್ನು ಆರ್-0 ಗೆ ತರಬೇಕು. 4 ಬೈಟ್ ಆಚೆಗಿರುವ ಎರಡನೆಯದನ್ನು ಅದಕ್ಕೆ ಕೂಡಬೇಕು. ಬಂದ ದಾರಿಯಲ್ಲಿ ಹಿಂದಿರುಗಬೇಕು. ತುಣುಕಿನ ಹೆಸರಿನ ಮುಂದೆ ಒಂದು ಅಡಿಗೆರೆಯನ್ನು ಸೇರಿಸುವುದನ್ನು ಮಾತ್ರ ಮರೆಯಬಾರದು. ಆ ಕಂಪೈಲರ್ ಸಿ ಯ ಹೆಸರುಗಳಿಗೆಲ್ಲ ಒಂದು ಅಡಿಗೆರೆಯನ್ನು ಹಚ್ಚುತ್ತಿತ್ತು. ಅಸೆಂಬ್ಲಿಯಲ್ಲಿ ಮೊದಲೇ ಇದ್ದ ಹೆಸರುಗಳಿಗೂ ಸಿ ಯ ಹೆಸರುಗಳಿಗೂ ಗೊಂದಲವಾಗದಿರಲೆಂದು ಮಾಡಿದ ಉಪಾಯವದು.

ಈಗ ಕರಾರನ್ನು ಮುರಿದು ನೋಡೋಣ. ತುಣುಕನ್ನು ಬರೆದವನು ಅಜಾಗರೂಕತೆಯಿಂದ ಮಧ್ಯದ ಲೆಕ್ಕಕ್ಕೆ ಆರ್-4 ಅನ್ನು ಬಳಸಿ ಹಾಗೆಯೇ ಬಿಟ್ಟನೆನ್ನಿ. ಕೂಡಿದ ಮೊತ್ತ ಸರಿಯಾಗಿಯೇ ಬರುತ್ತದೆ. ತುಣುಕನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರೆ ದೋಷವೇ ಕಾಣುವುದಿಲ್ಲ. ಆದರೆ ಕರೆದ ಕ್ರಮವಿಧಿ ಒಂದು ಕೆಲಸವನ್ನು ಹತ್ತು ಬಾರಿ ಮಾಡಲೆಂದು ಆ ಎಣಿಕೆಯನ್ನು ಆರ್-4 ರಲ್ಲಿ ಇಟ್ಟುಕೊಂಡಿದ್ದರೆ? ಅದು ಮೂರು ಬಾರಿಗೇ ನಿಲ್ಲಬಹುದು, ಸಾವಿರ ಬಾರಿ ನಡೆಯಬಹುದು, ಎಂದೆಂದಿಗೂ ನಿಲ್ಲದೆಯೂ ಇರಬಹುದು. ತಪ್ಪು ನಡೆದುದು ಒಂದೆಡೆ, ತೋರಿಕೊಂಡುದು ಇನ್ನೊಂದೆಡೆ.

ಕುರುಡ ಪುರೋಹಿತ

ಇಂತಹ ತಪ್ಪನ್ನು ಯಂತ್ರವೇ ಕಂಡುಹಿಡಿಯಬಾರದೇ ಎಂಬ ಪ್ರಶ್ನೆ ಸಹಜವಾದುದೇ. ಸಿ ಯ ಕಡತ, ಅಸೆಂಬ್ಲಿಯ ಕಡತ ಇವೆರಡನ್ನೂ ಬೇರೆ ಬೇರೆಯಾಗಿ ಯಂತ್ರಭಾಷೆಗೆ ಇಳಿಸುತ್ತಾರೆ. ಅನಂತರ ಲಿಂಕರ್ ಎಂಬ ಇನ್ನೊಂದು ಕ್ರಮವಿಧಿ ಅವುಗಳಿಗೆ ಗಂಟುಹಾಕುತ್ತದೆ. ಆದರೆ ಈ ಪುರೋಹಿತ ನೋಡುವುದು ಹೆಸರುಗಳನ್ನು ಮಾತ್ರ. ಇಲ್ಲಿ ಕರೆದ ಹೆಸರೂ ಅಲ್ಲಿರುವ ಹೆಸರೂ ಒಂದೇ ಆದರೆ ಮದುವೆ ನಡೆದುಹೋಗುತ್ತದೆ. ಎಷ್ಟು ಸಂಖ್ಯೆಗಳನ್ನು ಕೊಡಬೇಕು, ಅವು ಎಂತಹ ಜಾತಿಯವು, ಯಾವ ರಿಜಿಸ್ಟರ್ ಯಾರಿಗೆ ಸೇರಿದುದು ಎಂಬ ವಿಚಾರಣೆಯನ್ನು ಅದು ಮಾಡುವುದಿಲ್ಲ. ಸಿ ಯೊಳಗೇ ನಡೆದ ಕರೆಗಳಲ್ಲಿ ಕಂಪೈಲರ್ ಇವೆಲ್ಲವನ್ನೂ ಗಮನಿಸಬಲ್ಲದು. ಎರಡು ಭಾಷೆಗಳ ಗಡಿಯನ್ನು ದಾಟಿದೊಡನೆ ಕಾವಲುಗಾರನೇ ಇಲ್ಲ. ಆದುದರಿಂದ ಕರಾರನ್ನು ನಡೆಸಿಕೊಡುವ ಭಾರವೆಲ್ಲ ಬರೆಯುವ ಮನುಷ್ಯನ ಮೇಲೆಯೇ ಬೀಳುತ್ತದೆ.

ಬರೆದವರಿಗೂ ತಿಳಿಯದ ಸಾಲು

ನುರಿತವರು ಈ ಭಾರವನ್ನು ಹಗುರವಾಗಿ ಹೊರುತ್ತಾರೆಂದು ಭಾವಿಸಬೇಕಾಗಿಲ್ಲ. ಯೂನಿಕ್ಸ್‌ನ ಆರನೆಯ ಆವೃತ್ತಿ ಬಂದದ್ದು 1975ರಲ್ಲಿ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಜಾನ್ ಲಯನ್ಸ್ ಎಂಬ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗಾಗಿ ಆ ಕರ್ನೆಲ್‌ನ ಸಾಲುಗಳಿಗೆ ವ್ಯಾಖ್ಯಾನವನ್ನು ಬರೆದರು. 1977ರಿಂದೀಚೆಗೆ ಅದು ಪ್ರತಿಯಿಂದ ಪ್ರತಿಯಾಗಿ ಲೋಕವನ್ನೆಲ್ಲ ಸುತ್ತಿತು. ಪುಸ್ತಕವಾಗಿ ಅಂಗಡಿಗೆ ಬಂದುದು 1996ರಲ್ಲಿ. ಅದನ್ನು ಓದಿದವರೆಲ್ಲರಿಗೂ ಒಂದು ಕಡೆ ನಗು ಬರುತ್ತಿತ್ತು. ಒಂದು ಕ್ರಮವಿಧಿಯಿಂದ ಇನ್ನೊಂದಕ್ಕೆ ಯಂತ್ರವನ್ನು ಹೊರಳಿಸುವ ಭಾಗದಲ್ಲಿ, ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆಯೇನೂ ಇಲ್ಲ ಎಂಬ ಭಾವದ ಟಿಪ್ಪಣಿಯನ್ನು ಮೂಲಕರ್ತರು ಹಾಕಿದ್ದರು.

ಅಲ್ಲಿ ನಡೆಯುತ್ತಿದ್ದುದು ಸಿ ಮತ್ತು ಅಸೆಂಬ್ಲಿಗಳ ಕೂಟವೇ. ಸೇವ್-ಯು ಎಂಬ ಅಸೆಂಬ್ಲಿಯ ತುಣುಕು, ಸ್ಟ್ಯಾಕ್‌ನ ತುದಿ ಆ ಕ್ಷಣದಲ್ಲಿ ಎಲ್ಲಿದೆಯೆಂಬುದನ್ನು ಬರೆದಿಡುತ್ತಿತ್ತು. ಇನ್ನೆರಡು ತುಣುಕುಗಳು ಹಾಗೆ ಬರೆದಿಟ್ಟುದನ್ನು ಮುಂದೆಂದೋ ಮರಳಿ ತರುತ್ತಿದ್ದುವು. ಬರೆದಿಟ್ಟದ್ದು ಒಂದು ಫಂಕ್ಷನ್‌ನ ಒಳಗೆ; ಮರಳಿ ತಂದುದು ಬೇರೊಂದು ಫಂಕ್ಷನ್‌ನ ಒಳಗೆ. ಆ ಎರಡನೆಯ ಫಂಕ್ಷನ್ ತನ್ನ ಕೆಲಸ ಮುಗಿಸಿ ಹಿಂದಿರುಗ ಹೊರಟರೆ ಅದರ ಕಾಲಡಿಯಲ್ಲಿದ್ದ ಸ್ಟ್ಯಾಕ್ ತನ್ನದಲ್ಲ, ಮೊದಲನೆಯದರದು. ತನ್ನ ಕೀಲಿಕೈಯಿಂದ ಪರರ ಮನೆಯ ಬೀಗವನ್ನು ತೆಗೆದಂತಾಯಿತು.

ಆದರೂ ಬೀಗ ತೆರೆಯುತ್ತಿತ್ತು! ಪಿಡಿಪಿ-11ರ ಕಂಪೈಲರ್ ಪ್ರತಿಯೊಂದು ಫಂಕ್ಷನ್‌ನ ಆರಂಭದಲ್ಲಿಯೂ ಒಂದೇ ರಿಜಿಸ್ಟರ್‌ಗಳನ್ನು ಒಂದೇ ಕ್ರಮದಲ್ಲಿ ಸ್ಟ್ಯಾಕ್‌ನ ಮೇಲೆ ಇಡಿಸುತ್ತಿತ್ತು. ಅಂತ್ಯದಲ್ಲಿ ಅದೇ ಕ್ರಮದಲ್ಲಿ ತೆಗೆಸುತ್ತಿತ್ತು. ಎಲ್ಲ ಮನೆಗಳಿಗೂ ಒಂದೇ ಬಗೆಯ ಬೀಗವಿದ್ದುದರಿಂದ ಯಾರ ಕೀಲಿಕೈಯಾದರೂ ನಡೆಯುತ್ತಿತ್ತು. 1977ರಲ್ಲಿ ಬೆಲ್ ಪ್ರಯೋಗಶಾಲೆಯವರು ಯೂನಿಕ್ಸನ್ನು ಇಂಟರ್‌ಡೇಟಾ 8/32 ಎಂಬ ಬೇರೆ ಜಾತಿಯ ಯಂತ್ರಕ್ಕೆ ಸಾಗಿಸಲು ಹೊರಟಾಗ ಗುಟ್ಟು ಬಯಲಾಯಿತು. ಅದರ ಕಂಪೈಲರ್ ಮಿತವ್ಯಯದ್ದು. ಯಾವ ಫಂಕ್ಷನ್ ಯಾವ ರಿಜಿಸ್ಟರ್‌ಗಳನ್ನು ಬಳಸುತ್ತದೆಯೋ ಅವನ್ನು ಮಾತ್ರ ಕಾಪಾಡುತ್ತಿತ್ತು. ಎಂದಮೇಲೆ ಒಂದೊಂದು ಮನೆಗೂ ಬೇರೆ ಬೇರೆ ಬೀಗ. ಹಳೆಯ ತಂತ್ರ ಅಲ್ಲಿ ನಡೆಯದೆ ಹೋಯಿತು. 1979ರ ಏಳನೆಯ ಆವೃತ್ತಿಯಲ್ಲಿ ಆ ಭಾಗವನ್ನೇ ಹೊಸದಾಗಿ ಕಟ್ಟಿದರು. ಆ ಪ್ರಸಿದ್ಧ ಟಿಪ್ಪಣಿಯನ್ನು ಕುರಿತು ರಿಚೀಯವರು ಮುಂದೆ ಬರೆಯುತ್ತ, ನಿಜ ಹೇಳಬೇಕೆಂದರೆ ಅಲ್ಲಿ ನಡೆಯುತ್ತಿದ್ದುದು ತಮಗೂ ಅರ್ಥವಾಗಿರಲಿಲ್ಲವೆಂದು ಒಪ್ಪಿಕೊಂಡಿದ್ದಾರೆ. ಭಾಷೆಯನ್ನು ನಿರ್ಮಿಸಿದ ಮನುಷ್ಯನೇ ಹೀಗೆ ಹೇಳಿದ ಮೇಲೆ ಉಳಿದವರ ಪಾಡೇನು!

ಇದರಲ್ಲಿ ಒಂದು ಪಾಠವಿದೆ. ಕರಾರಿನಲ್ಲಿ ಬರೆದುದು ಬೇರೆ, ಸದ್ಯಕ್ಕೆ ನಡೆದುಹೋಗುತ್ತಿರುವುದು ಬೇರೆ. ಎಲ್ಲ ಫಂಕ್ಷನ್‌ಗಳೂ ಒಂದೇ ಬಗೆಯಾಗಿ ಹಿಂದಿರುಗಬೇಕೆಂದು ಯಾವ ಕಲಮೂ ವಿಧಿಸಿರಲಿಲ್ಲ. ಅದು ಆ ಕಂಪೈಲರ್‌ನ ಅಭ್ಯಾಸ ಮಾತ್ರವಾಗಿತ್ತು. ಅಭ್ಯಾಸವನ್ನು ನಂಬಿ ಕಟ್ಟಿದ ಮನೆ ಊರು ಬದಲಾದೊಡನೆ ಕುಸಿಯಿತು.

ಒಂದೇ ಯಂತ್ರ, ಎರಡು ಕರಾರು

ಇದೆಲ್ಲ ಹಳೆಯ ಕಾಲದ ಕಥೆಯೆಂದು ಬಿಡುವಂತಿಲ್ಲ. ಇಂದು ಮೇಜಿನ ಮೇಲಿರುವ ಅನೇಕ ಗಣಕಗಳಲ್ಲಿ ಇಂಟೆಲ್ ಅಥವಾ ಎಎಂಡಿ ಸಂಸ್ಥೆಯ 64 ಬಿಟ್‌ಗಳ ಪ್ರೊಸೆಸರ್ ಇರುತ್ತದೆ. ಇದರಲ್ಲಿ ರಿಜಿಸ್ಟರ್‌ಗಳು ಹೆಚ್ಚಾಗಿರುವುದರಿಂದ ಮೊದಲ ಕೆಲವು ಸಂಖ್ಯೆಗಳನ್ನು ಸ್ಟ್ಯಾಕ್‌ಗೆ ಬದಲು ರಿಜಿಸ್ಟರ್‌ಗಳಲ್ಲಿಯೇ ಕೊಡುತ್ತಾರೆ. ಆದರೆ ಒಂದೇ ಪ್ರೊಸೆಸರ್ ಮೇಲೆ ಲಿನಕ್ಸ್‌ನವರ ಕರಾರು ಒಂದು, ವಿಂಡೋಸ್‌ನವರ ಕರಾರು ಇನ್ನೊಂದು. ಲಿನಕ್ಸ್‌ನಲ್ಲಿ ಮೊದಲ ಆರು ಪೂರ್ಣಾಂಕಗಳು ರಿಜಿಸ್ಟರ್‌ಗಳಲ್ಲಿ ಬರುತ್ತವೆ, ವಿಂಡೋಸ್‌ನಲ್ಲಿ ನಾಲ್ಕು ಮಾತ್ರ. ಲಿನಕ್ಸ್‌ನಲ್ಲಿ ಮೊದಲನೆಯ ಸಂಖ್ಯೆ ಬರುವ ಆರ್‌ಡಿಐ ಎಂಬ ರಿಜಿಸ್ಟರ್ ಬಳಕೆಗೆ ಮುಕ್ತ. ವಿಂಡೋಸ್‌ನಲ್ಲಿ ಅದೇ ರಿಜಿಸ್ಟರ್ ಕರೆದವನ ಸೊತ್ತು. ಎಕ್ಸ್‌ಎಂಎಂ ಎಂಬ ಅಗಲವಾದ ರಿಜಿಸ್ಟರ್‌ಗಳ ವಿಷಯದಲ್ಲಿಯೂ ಹೀಗೆಯೇ. ಲಿನಕ್ಸ್‌ನಲ್ಲಿ ಅವೆಲ್ಲವೂ ಮುಕ್ತವಾದುವು. ವಿಂಡೋಸ್‌ನಲ್ಲಿ 6 ರಿಂದ 15 ರವರೆಗಿನ ಹತ್ತನ್ನು ಕಾಪಾಡಿ ಹಿಂದಿರುಗಿಸಬೇಕು.

ಸಂಖ್ಯೆ ರಿಜಿಸ್ಟರ್‌ನಲ್ಲಿ ಬಂದರೂ ಸ್ಟ್ಯಾಕ್‌ನ ವಿಷಯದಲ್ಲಿ ಒಂದು ಕಲಮು ಇಬ್ಬರಲ್ಲಿಯೂ ಉಂಟು. ಕರೆ ನೀಡುವ ಕ್ಷಣದಲ್ಲಿ ಸ್ಟ್ಯಾಕ್‌ನ ತುದಿಯ ವಿಳಾಸ 16ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಕೆಲವು ಆಜ್ಞೆಗಳು 16 ಬೈಟ್‌ಗಳನ್ನು ಒಟ್ಟಿಗೆ ಎತ್ತುವಾಗ ಇದನ್ನು ನಂಬಿರುತ್ತವೆ. ಅಸೆಂಬ್ಲಿ ಬರೆದವನು ಇದನ್ನು ಮರೆತನೆಂದರೆ ಕ್ರಮವಿಧಿ ಇಂದು ನಡೆಯುತ್ತದೆ, ನಾಳೆಯೂ ನಡೆಯುತ್ತದೆ. ಅವನು ಕರೆದ ಫಂಕ್ಷನ್ ಎಂದಾದರೊಂದು ದಿನ ಅಂತಹ ಆಜ್ಞೆಯನ್ನು ಬಳಸಿತೆಂದರೆ ಅಲ್ಲಿಯೇ ಕುಸಿದು ಬೀಳುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂಡದವರು ಹೊರಡಿಸಿದ ಪ್ರಕಟಣೆ ನಮ್ಮ ವಿಷಯಕ್ಕೆ ಕನ್ನಡಿ ಹಿಡಿದಂತಿದೆ. ಅಂತರಜಾಲದಲ್ಲಿ ಗುಟ್ಟಿನ ಮಾತುಕತೆ ನಡೆಸಲು ಬೇಕಾದ ಗಣಿತವನ್ನೆಲ್ಲ ಒದಗಿಸುವ ಭಂಡಾರ ಓಪನ್‌ಎಸ್‌ಎಸ್‌ಎಲ್. ಬಂದ ಸಂದೇಶವನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳಲು ಪಾಲಿ-1305 ಎಂಬ ಲೆಕ್ಕವೊಂದು ಅದರಲ್ಲಿದೆ. ಹೊಸ ಪ್ರೊಸೆಸರ್‌ಗಳಿಗಾಗಿ ಅದನ್ನು ಅಸೆಂಬ್ಲಿಯಲ್ಲಿ ಬರೆದಿದ್ದರು. 64 ಬೈಟ್‌ಗಳಿಗಿಂತ ದೊಡ್ಡದಾದ ಸಂದೇಶವನ್ನು ಆ ತುಣುಕಿಗೆ ಕೊಟ್ಟರೆ, ಅದು ಹಿಂದಿರುಗುವ ಮೊದಲು ಎಕ್ಸ್‌ಎಂಎಂ ರಿಜಿಸ್ಟರ್‌ಗಳನ್ನೆಲ್ಲ ಸೊನ್ನೆ ಮಾಡುತ್ತಿತ್ತು. ಲಿನಕ್ಸ್‌ನ ಕರಾರಿನ ಪ್ರಕಾರ ಇದು ತಪ್ಪೇ ಅಲ್ಲ. ವಿಂಡೋಸ್‌ನಲ್ಲಿಯಾದರೋ ಅವುಗಳಲ್ಲಿ ಹತ್ತು ಪಾತ್ರೆಗಳು ಪರರವು. ಕರೆದ ಕ್ರಮವಿಧಿ ಅಲ್ಲಿ ಇಟ್ಟಿದ್ದ ಲೆಕ್ಕವೆಲ್ಲ ಸದ್ದಿಲ್ಲದೆ ಸೊನ್ನೆಯಾಗುತ್ತಿತ್ತು. ಪಾಲಿ-1305 ಕೊಟ್ಟ ಉತ್ತರ ಮಾತ್ರ ಪ್ರತಿಸಲವೂ ಸರಿಯಾಗಿಯೇ ಇರುತ್ತಿತ್ತು.

ಆ ತಂಡದವರು ಈ ದೋಷವನ್ನು ಕಡಮೆ ಅಪಾಯದ್ದೆಂದು ವರ್ಗೀಕರಿಸಿ ಸರಿಪಡಿಸಿದರು. ಆದರೂ ಯೋಚಿಸಿ ನೋಡಿದರೆ ಇದು ಸಣ್ಣ ವಿಷಯವಲ್ಲ. ಲೋಕವೆಲ್ಲ ನೆಚ್ಚಿರುವ ಭಂಡಾರದಲ್ಲಿ, ಬಲ್ಲವರ ಕೈಯಿಂದಲೇ, ನಾವು ಆರ್-4 ರ ಉದಾಹರಣೆಯಲ್ಲಿ ಕಂಡ ತಪ್ಪು ನಡೆದುಹೋಯಿತು. ಸುಮಾರು ಐವತ್ತು ವರ್ಷಗಳಲ್ಲಿ ಯಂತ್ರಗಳು ಎಷ್ಟೋ ಬದಲಾದರೂ ಗಡಿಯಲ್ಲಿನ ಅಪಾಯ ಬದಲಾಗಲಿಲ್ಲ.

ಹಾಗಾದರೆ ಬಿಟ್ಟುಬಿಡಬಾರದೇಕೆ?

ಇಷ್ಟು ತೊಂದರೆಯಿದ್ದರೆ ಅಸೆಂಬ್ಲಿಯನ್ನು ಪೂರ್ಣವಾಗಿ ಕೈಬಿಡಬಾರದೇಕೆಂದು ಕೇಳುವವರುಂಟು. ಕೈಬಿಡುವಂತಿಲ್ಲ. ಗಣಕದ ಕರ್ನೆಲ್ ಒಂದು ಕ್ರಮವಿಧಿಯಿಂದ ಇನ್ನೊಂದಕ್ಕೆ ಹೊರಳುವ ಘಳಿಗೆಯಲ್ಲಿ ಇಂದಿಗೂ ಕೆಲವು ಸಾಲು ಅಸೆಂಬ್ಲಿ ಬೇಕೇ ಬೇಕು. ಗುಟ್ಟಿನ ಲೆಕ್ಕಗಳಲ್ಲಿ ಇನ್ನೊಂದು ಕಾರಣವೂ ಇದೆ. ಲೆಕ್ಕಕ್ಕೆ ಹಿಡಿದ ಕಾಲದ ಹೆಚ್ಚುಕಡಮೆಯಿಂದಲೇ ಗುಟ್ಟನ್ನು ಊಹಿಸುವ ಕಳ್ಳರಿರುವುದರಿಂದ ಆಜ್ಞೆಗಳನ್ನು ಒಂದೊಂದಾಗಿ ಆರಿಸಿ ಬರೆಯಬೇಕಾಗುತ್ತದೆ. ವೇಗದ ಮಾತಂತೂ ಸರಿಯೇ. ಫೈರ್‌ಫಾಕ್ಸ್, ವಿಎಲ್‌ಸಿ ಮೊದಲಾದುವು ಎವಿ-1 ಎಂಬ ಬಗೆಯ ಚಲನಚಿತ್ರಗಳನ್ನು ಬಿಡಿಸಿ ತೋರಿಸಲು ಡೇವಿಡ್ ಎಂಬ ಹೆಸರಿನ ಕ್ರಮವಿಧಿಯನ್ನು ಬಳಸುತ್ತವೆ. ಅದರಲ್ಲಿ ಸಿ ಯ ಭಾಗಕ್ಕಿಂತ ಅಸೆಂಬ್ಲಿಯ ಭಾಗವೇ ದೊಡ್ಡದು. ಒಂದು ಆಜ್ಞೆಯಿಂದ 32 ಬೈಟ್‌ಗಳ ಮೇಲೆ ಒಟ್ಟಿಗೆ ಕೆಲಸಮಾಡುವ ಶಕ್ತಿಯನ್ನು ಅದು ತುಂಬಾ ಚೆನ್ನಾಗಿ ಬಳಸಿಕೊಂಡಿದೆ. ಅಗ್ಗದ ಫೋನಿನಲ್ಲಿಯೂ ಚಿತ್ರ ತಡೆಯಿಲ್ಲದೆ ಓಡುವುದರ ಹಿಂದೆ ಇಂತಹ ಕೈಬರಹದ ಸಾಲುಗಳ ಪಾಲು ಉಂಟು.

ಆದಕಾರಣ ಬಿಡುವುದಲ್ಲ, ಹುಷಾರಾಗಿ ಕೂಡಿಸುವುದೇ ದಾರಿ. ಅನುಭವಸ್ಥರು ಅನುಸರಿಸುವ ಕ್ರಮಗಳಲ್ಲಿ ಕೆಲವನ್ನು ಹೇಳಬಹುದು. ಮೊದಲು ಕೆಲಸವನ್ನು ಸಿ ಯಲ್ಲಿಯೇ ಬರೆದು, ಸರಿಯಾಗಿದೆಯೆಂದು ಮನಗಂಡು, ನಿಧಾನವಾದ ಭಾಗ ಯಾವುದೆಂದು ಅಳೆದು ನೋಡಿ, ಅಷ್ಟನ್ನು ಮಾತ್ರ ಅಸೆಂಬ್ಲಿಗೆ ತರಬೇಕು. ಹಾಗೆ ತಂದ ಮೇಲೆ ಹಳೆಯ ಸಿ ರೂಪವನ್ನು ಎಸೆಯಬಾರದು, ಅದು ಅಳತೆಗೋಲು. ಗಡಿ ಕಿರಿದಾಗಿರಬೇಕು: ಕರೆಗಳು ಕೆಲವೇ ಇರಲಿ, ಕೊಡುವ ಸಂಖ್ಯೆಗಳು ಮಿತವಾಗಿರಲಿ. ಒಂದೆರಡು ಆಜ್ಞೆಗಳು ಮಾತ್ರ ಸಾಕಾದಾಗ ಅವನ್ನು ಸಿ ಯ ನಡುವೆಯೇ ಪೋಣಿಸಬಹುದು. ಆಗ ಯಾವ ಯಾವ ರಿಜಿಸ್ಟರ್‌ಗಳನ್ನು ಮುಟ್ಟುತ್ತೇವೆಂಬ ಪಟ್ಟಿಯನ್ನು ಕಂಪೈಲರ್‌ಗೆ ಪ್ರಾಮಾಣಿಕವಾಗಿ ಒಪ್ಪಿಸಬೇಕು. ಪಟ್ಟಿಯಲ್ಲಿ ಒಂದನ್ನು ಬಿಟ್ಟರೂ ಕಂಪೈಲರ್ ನಮ್ಮ ಮಾತನ್ನು ನಂಬಿ ಮೋಸಹೋಗುತ್ತದೆ.

ಇವುಗಳೆಲ್ಲಕ್ಕಿಂತ ಮೆಚ್ಚತಕ್ಕ ಉಪಾಯವನ್ನು ಮೇಲೆ ಹೇಳಿದ ಡೇವಿಡ್‌ನಲ್ಲಿಯೂ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಕ್ರಮವಿಧಿಯಲ್ಲಿಯೂ ಕಾಣುತ್ತೇವೆ. ಚೆಕ್‌ಆಸ್ಮ್ ಎಂಬ ಪರೀಕ್ಷಕ ಅಲ್ಲಿರುತ್ತದೆ. ಅದು ಸಿ ಯ ರೂಪಕ್ಕೂ ಅಸೆಂಬ್ಲಿಯ ರೂಪಕ್ಕೂ ಒಂದೇ ಬಗೆಯ ಯಾದೃಚ್ಛಿಕ ಸಂಖ್ಯೆಗಳನ್ನು ಕೊಟ್ಟು ಉತ್ತರಗಳನ್ನು ಹೋಲಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ತುಣುಕನ್ನು ಕರೆಯುವ ಮುನ್ನ ಕಾಪಾಡಬೇಕಾದ ರಿಜಿಸ್ಟರ್‌ಗಳಲ್ಲಿ ಗುರುತಿನ ಸಂಖ್ಯೆಗಳನ್ನು ಇಟ್ಟು, ಕೆಲಸ ಮುಗಿದ ಮೇಲೆ ಅವು ಇದ್ದಂತೆಯೇ ಇವೆಯೇ ಎಂದು ನೋಡುತ್ತದೆ. ಉತ್ತರ ಸರಿಯಾಗಿದ್ದರೆ ಸಾಲದು, ಮನೆಯನ್ನು ಇದ್ದಂತೆ ಬಿಟ್ಟು ಬಂದೆಯಾ ಎಂದು ಕೇಳುವ ಪರೀಕ್ಷೆಯಿದು. ಲಿಂಕರ್ ಕೇಳದ ಪ್ರಶ್ನೆಯನ್ನು ಇದು ಕೇಳುತ್ತದೆ.

ತನ್ನ ಉತ್ತರ ಸರಿಯಾಗಿ ಬಂದೊಡನೆ ಕೆಲಸ ಮುಗಿಯಿತೆಂದು ತಿಳಿಯುವುದು ನಮ್ಮೆಲ್ಲರ ಸ್ವಭಾವ. ಎರಡು ಭಾಷೆಗಳು ಕೂಡುವ ಈ ಕಿರಿದಾದ ಗಡಿಯಲ್ಲಿ ಅಷ್ಟು ಸಾಲದು. ಪಾಲಿ-1305ರ ಉತ್ತರದಲ್ಲಿ ಎಂದೂ ತಪ್ಪಿರಲಿಲ್ಲ; ತಪ್ಪಿದ್ದುದು ಅದು ಬಿಟ್ಟುಹೋದ ಅಡಿಗೆಯ ಮನೆಯಲ್ಲಿ. ತಂದ ಪಾತ್ರೆಯನ್ನು ಬೆಳಗಿ, ಇದ್ದುದನ್ನು ತುಂಬಿ, ಇದ್ದ ಕಡೆಯೇ ಇಡುವ ಹಳೆಯ ನಡತೆಯನ್ನು ಯಂತ್ರಕ್ಕೆ ಯಾರೂ ಕಲಿಸಿಲ್ಲ. ಬರೆಯುವವನು ಒಂದೊಂದು ಆಜ್ಞೆಯಲ್ಲಿಯೂ ಅದನ್ನು ತಾನೇ ನಡೆಸಿಕೊಡಬೇಕು.